ಮೂರನೆಯ ಮತದ ತೂಕ

ಫಲಿತಾಂಶದ ಮರುದಿನ ಸೋತ ಪಕ್ಷದವರ ಬಾಯಿಂದ ತಪ್ಪದೆ ಹೊರಡುವ ಮಾತೊಂದಿದೆ: ‘ನಮ್ಮ ಮತಗಳನ್ನು ಮೂರನೆಯವರು ತಿಂದರು.’ ಇಲ್ಲಿ ‘ನಮ್ಮ’ ಎಂಬ ಪದಕ್ಕೇ ನನ್ನ ತಕರಾರು. ಮತವು ಹಾಕಿದವನದು, ಯಾವ ಪಕ್ಷದ ಪಿತ್ರಾರ್ಜಿತವೂ ಅಲ್ಲ. ಆದರೂ ಮೂರನೆಯ ಅಭ್ಯರ್ಥಿಗೆ ಬಿದ್ದ ಮತ ಫಲಿತಾಂಶವನ್ನು ತಿರುಗಿಸುತ್ತದೆಯೇ ಎಂಬುದನ್ನು ಕನ್ನಡ ಐಚ್ಛಿಕದ ವಿದ್ಯಾರ್ಥಿಗಳೂ ಲೆಕ್ಕ ಹಾಕಿಯೇ ನೋಡಬೇಕು.

2019ರ ಲೋಕಸಭಾ ಚುನಾವಣೆಯಲ್ಲಿ ವಂಚಿತ ಬಹುಜನ ಆಘಾಡಿ ನಮ್ಮ ಸುತ್ತಲಿನ ಕ್ಷೇತ್ರಗಳಲ್ಲಿ ಸ್ಪರ್ಧಿಸಿತು. ಸೋಲಾಪುರದಲ್ಲಿ ಸುಶೀಲಕುಮಾರ ಶಿಂದೆಯವರು 1,58,608 ಮತಗಳಿಂದ ಸೋತರು; ಪ್ರಕಾಶ ಅಂಬೇಡ್ಕರರಿಗೆ 1,70,007 ಮತ ಬಂದಿತ್ತು. ಮೇಲ್ನೋಟಕ್ಕೆ ಅಂಬೇಡ್ಕರರೇ ಸೋಲಿನ ಕಾರಣವೆನಿಸುತ್ತದೆ. ಆದರೆ ಫಲಿತಾಂಶ ಬದಲಾಗಲು ಅವರ ನೂರು ಮತದಾರರಲ್ಲಿ ತೊಂಬತ್ತಮೂರಕ್ಕಿಂತ ಹೆಚ್ಚು ಮಂದಿ ಶಿಂದೆಯವರ ಬಳಿಗೇ ಹೋಗಬೇಕಿತ್ತು, ಎದುರಾಳಿಯ ಕಡೆಗೆ ಒಬ್ಬರೂ ಹೊರಳಬಾರದಿತ್ತು. ನಂಬುವ ಮಾತೇ? ನಾಂದೇಡದ ಕಥೆ ಬೇರೆ. ಅಲ್ಲಿ ಅಶೋಕ ಚವ್ಹಾಣರು ಸೋತ ಅಂತರ 40,148. ವಂಚಿತಕ್ಕೆ ಬಿದ್ದದ್ದು 1,66,196. ಅದರಲ್ಲಿ ಅರ್ಧ ಚವ್ಹಾಣರಿಗೆ, ಐದನೆಯ ಒಂದು ಪಾಲು ಬಿಜೆಪಿಗೆ ಹೋಗಿ, ಉಳಿದವರು ಮನೆಯಲ್ಲೇ ಕುಳಿತಿದ್ದರೂ ಫಲಿತಾಂಶ ತಿರುಗುತ್ತಿತ್ತು. ನಿಲಂಗಾ ಸೇರಿದ ನಮ್ಮ ಲಾತೂರ ಕ್ಷೇತ್ರದಲ್ಲಿ ಗೆಲುವಿನ ಅಂತರವೇ ಎರಡೂಮುಕ್ಕಾಲು ಲಕ್ಷ ದಾಟಿತ್ತು. ಅಲ್ಲಿ ಮೂರನೆಯವರನ್ನು ದೂರುವುದು ವೃಥಾ.

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ‘ಸ್ವಿಂಗ್ ರಾಜ್ಯ’ ಎನ್ನುವುದು ಇಂಥ ನಾಂದೇಡಗಳನ್ನೇ. ಬಹುತೇಕ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವನಿಗೆ ಆ ರಾಜ್ಯದ ಎಲ್ಲ ನಿರ್ವಾಚಕರೂ ಸಲ್ಲುತ್ತಾರೆ. 2000ದಲ್ಲಿ ಫ್ಲಾರಿಡಾವನ್ನು ಬುಷ್ ಗೆದ್ದದ್ದು 537 ಮತಗಳಿಂದ. ಹಸಿರು ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ 97,488 ಮತ. ಅಧ್ಯಕ್ಷ ಪದವಿಯೇ ಆ ಒಂದು ರಾಜ್ಯದ ಮೇಲೆ ನಿಂತಿತ್ತು.

ಇದೇ ಪ್ರಶ್ನೆಗೆ ನಮ್ಮ ರಾಷ್ಟ್ರಪತಿ ಚುನಾವಣೆ ಹೆಚ್ಚು ವಿವೇಕದ ಉತ್ತರವನ್ನು ಇಟ್ಟುಕೊಂಡಿದೆ. ಅಲ್ಲಿ ಮತದಾರನು ಎರಡನೆಯ ಆಯ್ಕೆಯನ್ನೂ ಬರೆಯಬಹುದು. 1969ರಲ್ಲಿ ವಿ.ವಿ. ಗಿರಿ, ನೀಲಂ ಸಂಜೀವ ರೆಡ್ಡಿ, ಸಿ.ಡಿ. ದೇಶಮುಖ ಮುಖ್ಯ ಅಭ್ಯರ್ಥಿಗಳು. ಮೊದಲ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಮತಮೌಲ್ಯ ಬರಲಿಲ್ಲ: ಗಿರಿ 4,01,515, ರೆಡ್ಡಿ 3,13,548, ದೇಶಮುಖ 1,12,769. ದೇಶಮುಖರ ಬೆಂಬಲಕ್ಕಿದ್ದ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಎರಡನೆಯ ಆಯ್ಕೆಯನ್ನು ರೆಡ್ಡಿಯವರಿಗೆ ದೊರಕಿಸಲೆಂದು ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರೊಡನೆ ಮಾತಾಡಿದರು. ಅದೇ ಅವರ ಮೇಲೆ ಇಂದಿರಾ ಬಣದ ದೊಡ್ಡ ಆರೋಪವಾಯಿತು. ಎರಡನೆಯ ಆಯ್ಕೆಗಳಲ್ಲಿ ಬಹುಪಾಲು ರೆಡ್ಡಿಯವರಿಗೇ ಬಂದವು. ಆದರೂ 4,05,427ಕ್ಕೆ ಎದುರಾಗಿ 4,20,077 ಪಡೆದು ಗಿರಿ ಗೆದ್ದರು. ದೇಶಮುಖರಿಗೆ ಮತವಿತ್ತವರನ್ನು ಮತ ತಿಂದವರೆಂದು ಕರೆಯಲು ಆಸ್ಪದವೇ ಉಳಿಯಲಿಲ್ಲ. ಅವರ ಮನಸ್ಸಿನ ಎರಡೂ ಮಾತುಗಳು ಎಣಿಕೆಗೆ ಬಂದಿದ್ದವು.

ಶಾಸಕರಿಗೆ, ಸಂಸದರಿಗೆ ಸಂವಿಧಾನವು ಕೊಟ್ಟ ಈ ಸೌಲಭ್ಯ ಸಾಮಾನ್ಯ ಮತದಾರನಿಗೆ ಏಕಿಲ್ಲ? ಎಣಿಕೆ ಕಷ್ಟವೆಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಂಥ ಚದುರಿದ ಸಣ್ಣ ಸಮುದಾಯಗಳಿಗೆ ಇದು ಬರಿಯ ಗಣಿತವಲ್ಲ. ಗಡಿಭಾಗದ ಕನ್ನಡ ಶಾಲೆಯ ಶಿಕ್ಷಕರ ಕೊರತೆಯನ್ನೇ ಮುಂದಿಟ್ಟು ಒಬ್ಬ ಅಭ್ಯರ್ಥಿ ನಿಂತನೆನ್ನಿ. ಇಂದಿನ ವಿಧಾನದಲ್ಲಿ ಅವನನ್ನು ಮೆಚ್ಚಿದವರೂ ‘ಮತ ಹಾಳಾದೀತು’ ಎಂದು ಹಿಂಜರಿಯುತ್ತಾರೆ. ಎರಡನೆಯ ಆಯ್ಕೆಯಿದ್ದರೆ ಅವನಿಗೆ ಮೊದಲ ಮತವಿತ್ತು, ಉಳಿದವರಲ್ಲಿ ವಾಸಿಯೆನಿಸಿದವನ ಹೆಸರನ್ನು ಕೆಳಗೆ ಬರೆಯಬಹುದು. ಆ ಎರಡನೆಯ ಸಾಲಿಗಾಗಿಯಾದರೂ ದೊಡ್ಡ ಪಕ್ಷದವರು ನಮ್ಮ ಶಾಲೆಯ ಬಾಗಿಲಿಗೆ ಬರಬೇಕಾಗುತ್ತದೆ.