ಆ ಹುಡುಗಿ ಬರೆದದ್ದು ವಿಷಯಾಂತರ ಅಲ್ಲ ಮೇಷ್ಟ್ರೇ



ಎಂಟನೇ ಕ್ಲಾಸಿನ 'ಸಿರಿ ಕನ್ನಡ' ಪುಸ್ತಕದಲ್ಲಿ ನೇಮಿಚಂದ್ರ ಅವರ 'ನೀರು ಕೊಡದ ನಾಡಿನಲ್ಲಿ' ಅನ್ನೋ ಪಾಠ ಐತಿ. ಪರದೇಶದಲ್ಲಿ ಕುಡಿಯೋ ನೀರಿಗೂ ದುಡ್ಡು, ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡ್ತೀವಿ ಅನ್ನೋದು ಅದರ ಮಾತು. ಒಳ್ಳೆ ಪಾಠ. ಅದರ ಮ್ಯಾಲ ನನಗೇನೂ ಸಿಟ್ಟಿಲ್ಲ. ಸಿಟ್ಟು ಇರೋದು ಕೆಂಪು ಪೆನ್ನಿನ ಮ್ಯಾಲ.

ನಮ್ಮ ಸಂಬಂಧಿಕರ ಹುಡುಗಿ ಈ ವರ್ಷ ಹೈಸ್ಕೂಲು ಸೇರ್ಯಾಳ. (ಊರು, ಶಾಲೆ ಹೇಳಲ್ಲ. ನಾಳೆ ಅವಳು ಅಲ್ಲೇ ಕೂತು ಓದಬೇಕು.) ನಿಮ್ಮೂರಲ್ಲಿ ನೀರು ಕೊಡೋ ಪದ್ಧತಿ ಬಗ್ಗೆ ಬರೀರಿ ಅಂದ್ರಂತೆ. ಬರೆದಳು: ಮೆಣಸಿನಕಾಯಿ ಬಿಡಿಸಾಕ ಅವ್ವನ ಕೂಡ ಹೋದಾಗ ಹೊಲದವರು ನೀರು ಕೊಡ್ತಾರ, ಆದ್ರ ತಂಬಿಗಿ ಕೈಗೆ ಕೊಡಲ್ಲ, ಮ್ಯಾಲಿಂದ ಸುರೀತಾರ, ಬೊಗಸಿ ಒಡ್ಡಿ ಕುಡೀಬೇಕು, ಅಂಗಿ ಎಲ್ಲಾ ತೊಯ್ತೈತಿ. ಐದೇ ಸಾಲು. ಕೆಳಗೆ ಕೆಂಪು ಶಾಯಿಯಲ್ಲಿ 'ವಿಷಯಾಂತರ'. 'ಬೊಗಸಿ' ತಿದ್ದಿ 'ಬೊಗಸೆ' ಮಾಡಿದ್ದಾರೆ, 'ಸುರೀತಾರ' ತಿದ್ದಿ 'ಸುರಿಯುತ್ತಾರೆ'. ಮೇಷ್ಟ್ರಿಗೆ ಕಾಗುಣಿತ ಕಂಡಿತು.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಮ್ಮ ಶಾಲೆ ಬಗ್ಗೆ ಬರೆದಿದ್ದಾರೆ. ಕೂರೋಕೆ ಬೇರೆ ಗೋಣಿತಟ್ಟು. ಬಾಯಾರಿದ್ರೆ ಜವಾನ ಬಂದು ನಲ್ಲಿ ತಿರುವಬೇಕು, ಜವಾನ ಇಲ್ಲಾಂದ್ರೆ ನೀರಿಲ್ಲ. ಆ ಪುಟಗಳನ್ನ ತಂದಿಟ್ಟಿದ್ರೆ ಅದಕ್ಕೂ 'ವಿಷಯಾಂತರ' ಅಂತ ಬರೀತಿದ್ರಾ? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಐತಿ ಅಂದಿದ್ದಕ್ಕೆ ಮಂತ್ರಿಗಿರಿ ಹೋಯ್ತು. ಆಮೇಲೆ ದೇವನೂರರು, ಸಿದ್ಧಲಿಂಗಯ್ಯನವರು ಪಠ್ಯಪುಸ್ತಕಕ್ಕೂ ಬಂದರು. ಮಕ್ಕಳ ನೋಟ್‌ಬುಕ್ಕಿಗೆ ಮಾತ್ರ ಕೇರಿ ಬರಂಗಿಲ್ಲ.

ನಾನು ಗೈಡ್ ಬಾಯಿಪಾಠ ಮಾಡಿ ಬಿ.ಎ. ಮುಗಿಸಿದವನು. 'ಗ್ರಂಥಾಲಯದ ಮಹತ್ವ' ಈಗಲೂ ನಿದ್ದೆಗಣ್ಣಲ್ಲಿ ಬರೀತೀನಿ. ಗ್ರಂಥಾಲಯದ ಒಳಗೆ ಕಾಲಿಟ್ಟಿದ್ದು ಮಾತ್ರ ಡಿಗ್ರಿಗೆ ಬಳ್ಳಾರಿಗೆ ಹೋದಮೇಲೆ. ಆ ನಕಲು ವಿದ್ಯೆನೇ ನನಗೆ ಗುಮಾಸ್ತನ ಕುರ್ಚಿ ಕೊಟ್ಟಿತು, ಸುಳ್ಳು ಯಾಕೆ.

ಆದ್ರೆ ಸಂಜೆ ಸಿರಿಗೇರಿಯ ನಮ್ಮ ಮನೆ ಕಟ್ಟೆಗೆ ದೂರು ತೋರಿಸೋಕೆ ಬರ್ತಾರಲ್ಲ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರು, ಅವರನ್ನ ನೋಡ್ರಿ. ಜಾತಿ ಹಿಡಿದು ಬೈದ್ರು ಅಂತ ಬಾಯಲ್ಲಿ ಖಡಕ್ಕಾಗಿ ಹೇಳ್ತಾರೆ. ಪೆನ್ನು ಹಿಡಿದ ಕೂಡಲೇ 'ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ' ಆಗ್ತೈತಿ. ಅದೇ ಶುದ್ಧ ಕನ್ನಡ ಅಂತ ಕಲಿಸಿದ್ದೀವಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಆ ಶುದ್ಧ ಕನ್ನಡ ಸಾಲಲ್ಲ. ಯಾವ ಮಾತು ಅಂದ್ರು, ಎಲ್ಲಿ ಅಂದ್ರು, ಯಾರೆದುರು ಅಂದ್ರು, ಬಿಡಿಸಿ ಬರೀಬೇಕು. ಜಾತಿ ಹೆಸರು ಬಿಟ್ಟುಹೋಯ್ತೋ, ಕೇಸು ಅಲ್ಲೇ ಸಡಿಲ. ಕಂಡದ್ದನ್ನ ಕಂಡಂಗ ಬರೆದ್ರ ತಪ್ಪು ಅಂತ ಎಂಟನೇ ಕ್ಲಾಸಿನಲ್ಲೇ ಕಲಿತ ಮಗು ಇಪ್ಪತ್ತೈದಕ್ಕೆ ಠಾಣೆಗೆ ಹೋಗಿ ಏನು ಬರೆದೀತು?

ಗ್ರಾಂಥಿಕ ಕನ್ನಡ ಬ್ಯಾಡ ಅಂತಿಲ್ಲ. ಕಲಿಸ್ರಿ. ಪರೀಕ್ಷೆಗೂ ಬೇಕು, ನೌಕರಿಗೂ ಬೇಕು. ಮೊದಲು ಆ ಐದು ಸಾಲು ಪೂರ್ತಿ ಓದ್ರಿ, ಅಂಕ ಕೊಡ್ರಿ. ಹುಡುಗಿ ಒಪ್ಪಿದ್ರ ಕ್ಲಾಸಿನಾಗ ಗಟ್ಟಿಯಾಗಿ ಓದಿಸ್ರಿ. ತಂಬಿಗಿ ಕೈಗೆ ಕೊಡದವರ ಮನೆ ಮಕ್ಕಳೂ ಪಕ್ಕದ ಬೆಂಚಿನಾಗ ಕೂತಿರ್ತಾರ, ಅವರೂ ಕೇಳಲಿ.

ಅವಳು ಆ ಹಾಳೆ ಹರಿದು ಹಾಕಾಕ ಹೊಂಟಿದ್ಲು. ಇಸ್ಕೊಂಡು ಇಟ್ಟೀನಿ. ಸೋಮವಾರ ರಜೆ ಹಾಕಿ ಹೆಡ್ಮಾಸ್ಟ್ರ ಹತ್ರ ಹೋಗ್ತೀನಿ. ಗದ್ದಲ ಬ್ಯಾಡ, ಯಾರೂ ಬರಬ್ಯಾಡ್ರಿ. ಅವಳ ಅವ್ವ ಬರ್ತಾಳ, ಒಂದು ದಿನದ ಕೂಲಿ ಬಿಟ್ಟು.

ಜೈಭೀಮ್.