ಕಟ್ಟುವ ವಿದ್ಯೆಯ ಚಿತ್ರಪುಸ್ತಕಗಳೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳಿಗೆ ಯಾವ ಪುಸ್ತಕಗಳನ್ನು ಓದಲು ಕೊಡಬೇಕೆಂಬ ವಿಷಯದಲ್ಲಿ ತಂದೆತಾಯಿಗಳು ಬಹಳವಾಗಿ ಆಲೋಚಿಸುವರು. ನೀತಿಕಥೆಗಳು, ಮಹನೀಯರ ಚರಿತ್ರೆಗಳು, ಹಾಡುಗಳು, ಅಡಿಗೆ ಹೊಲಿಗೆಗಳ ಕೈಪಿಡಿಗಳು ಇವೆಲ್ಲವೂ ಒಳ್ಳೆಯವೇ. ಇವುಗಳಿಗೆ ವಿರೋಧವಾಗಿ ನಾವು ಒಂದು ಮಾತನ್ನೂ ಆಡುವವರಲ್ಲ. ಆದರೆ ಮನೆ, ಸೇತುವೆ, ಗೋಪುರ, ಅಣೆಕಟ್ಟು ಮೊದಲಾದವುಗಳನ್ನು ಕಟ್ಟುವ ಬಗೆಯನ್ನು ಚಿತ್ರಗಳ ಮೂಲಕ ತಿಳಿಸುವ ಪುಸ್ತಕಗಳನ್ನು ಗಂಡುಹುಡುಗನಿಗೆ ತಂದುಕೊಟ್ಟು, ಅವನ ಅಕ್ಕತಂಗಿಯರಿಗೆ ಕೊಡದಿರುವ ವಾಡಿಕೆಯು ಇನ್ನೂ ಅನೇಕ ಮನೆಗಳಲ್ಲಿ ಉಂಟು. ಈ ವಾಡಿಕೆಯು ನಿಲ್ಲತಕ್ಕದ್ದೆಂಬುದು ನಮ್ಮ ಅಭಿಪ್ರಾಯವು. ಅದಕ್ಕೆ ಕಾರಣಗಳನ್ನು ಮುಂದೆ ಅರಿಕೆಮಾಡುವೆವು.

ಈ ಬಗೆಯ ಪುಸ್ತಕಗಳಲ್ಲಿ ಬಹಳ ಹೆಸರುವಾಸಿಯಾದುದು ಡೇವಿಡ್ ಮೆಕಾಲೆ ಎಂಬವರು 1973ರಲ್ಲಿ ಪ್ರಕಟಿಸಿದ ‘ಕಥೀಡ್ರಲ್’. ಇವರು 1946ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋಗಿ, ಅಲ್ಲಿ ವಾಸ್ತುಶಿಲ್ಪವನ್ನು ಅಭ್ಯಾಸಮಾಡಿದವರು. ಫ್ರಾನ್ಸ್ ದೇಶದ ಒಂದು ಕಲ್ಪಿತ ಪಟ್ಟಣದಲ್ಲಿ 1252ರಲ್ಲಿ ಆರಂಭವಾಗಿ 1338ರಲ್ಲಿ ಮುಗಿದ ಮಹಾದೇವಾಲಯವೊಂದರ ಕಟ್ಟೋಣವೇ ಈ ಪುಸ್ತಕದ ವಿಷಯ. ಪಟ್ಟಣವು ಕಲ್ಪಿತವಾದರೂ ಕಟ್ಟುವ ಕ್ರಮವು ಆ ಕಾಲದ ನಿಜವಾದ ಕ್ರಮವೇ. ಚಿತ್ರಗಳಲ್ಲಿ ಬಣ್ಣವಿಲ್ಲ, ಎಲ್ಲವೂ ಕಪ್ಪು ಮಸಿಯ ಗೆರೆಗಳು. ಆ ಗೆರೆಗಳಲ್ಲಿ ಕಾಡಿನ ಮರವು ಉರುಳುವುದನ್ನೂ, ಗಣಿಯಲ್ಲಿ ಕಲ್ಲು ಒಡೆಯುವುದನ್ನೂ, ಪಾಯವು ಇಳಿಯುವುದನ್ನೂ ಮಗುವು ಒಂದಾದ ಮೇಲೊಂದಾಗಿ ಕಾಣುವುದು. ಕಮಾನು ಕಟ್ಟುವಾಗ ಗಾರೆಯು ಗಟ್ಟಿಯಾಗುವ ತನಕ ಕಲ್ಲುಗಳನ್ನು ಹೊತ್ತಿರುವುದಕ್ಕೆ ಕೆಳಗೆ ಮರದ ಚೌಕಟ್ಟು ಬೇಕೆಂಬುದನ್ನೂ, ಎತ್ತರದ ಗೋಡೆಯು ಮೇಲ್ಛಾವಣಿಯ ಒತ್ತಡಕ್ಕೆ ಹೊರಕ್ಕೆ ವಾಲದಂತೆ ಹೊರಗಿನಿಂದ ಬೇರೆ ಕಮಾನುಗಳು ಅದನ್ನು ಆನಿಸಿ ಹಿಡಿದಿರುವುದನ್ನೂ ಅದು ಅರಿತುಕೊಳ್ಳುವುದು. ಚಳಿಗಾಲದ ಹಿಮದಿಂದ ಗಾರೆಯು ಬಿರಿಯಬಾರದೆಂದು ಅರ್ಧ ಎದ್ದ ಗೋಡೆಗಳ ಮೇಲೆ ಹುಲ್ಲನ್ನೂ ಸಗಣಿಯನ್ನೂ ಹೊದಿಸುತ್ತಿದ್ದ ಸಂಗತಿಯೂ ಅದರಲ್ಲಿ ಉಂಟು.

ಇಂಥ ಪುಸ್ತಕದಿಂದ ಮಗುವಿಗೆ ಆಗುವ ಲಾಭವೇನು? ಮೊದಲನೆಯದಾಗಿ, ದೊಡ್ಡ ಕಟ್ಟಡವನ್ನು ಕಂಡು ಬೆರಗಾಗಿ ಸುಮ್ಮನಿರುವ ಸ್ವಭಾವವು ಹೋಗಿ, ಇದು ಬೀಳದೆ ಹೇಗೆ ನಿಂತಿದೆ ಎಂದು ಕೇಳುವ ಅಭ್ಯಾಸವು ಬರುವುದು. ಎರಡನೆಯದಾಗಿ, ದೊಡ್ಡ ಕಾರ್ಯವು ಒಬ್ಬನಿಂದ ಆಗುವುದಿಲ್ಲವೆಂಬುದು ಉಪದೇಶವಿಲ್ಲದೆಯೇ ಮನಸ್ಸಿಗೆ ನಾಟುವುದು. ಕಲ್ಲುಕುಟಿಗ, ಬಡಗಿ, ಕಮ್ಮಾರ, ಗಾರೆಯವ, ಗಾಜು ಮಾಡುವವ ಇವರಲ್ಲಿ ಯಾರೊಬ್ಬರಿಲ್ಲದಿದ್ದರೂ ಆ ದೇವಾಲಯವು ಏಳಲಾರದು. 86 ವರ್ಷಗಳ ಕೆಲಸವಾದುದರಿಂದ ಪಾಯವನ್ನು ಅಗೆದವರ ಮೊಮ್ಮಕ್ಕಳು ಅದರ ಮುಕ್ತಾಯವನ್ನು ನೋಡತಕ್ಕವರು. ತಾಳ್ಮೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಚಿತ್ರಗಳು ಹೆಚ್ಚಾದರೆ ಮಕ್ಕಳು ಓದಿನಲ್ಲಿ ಆಲಸಿಗಳಾಗುವರೆಂದು ಕೆಲವರು ಆಕ್ಷೇಪಿಸುವರು. ಕಥೆಯ ನಡುವೆ ಅಲಂಕಾರಕ್ಕಾಗಿ ಹಾಕಿದ ಚಿತ್ರಗಳ ವಿಷಯದಲ್ಲಿ ಇದು ನಿಜವಾಗಿದ್ದೀತು. ಇಲ್ಲಿಯಾದರೋ ಚಿತ್ರವೇ ಪಾಠವು. ಗೋಡೆಯನ್ನು ನೆತ್ತಿಯಿಂದ ಬುಡದ ತನಕ ಸೀಳಿದಂತೆ ಬರೆದ ಚಿತ್ರವು ಕಣ್ಣಿಗೆ ಎಂದೂ ಕಾಣದ ಒಳಭಾಗವನ್ನು ತೋರಿಸುವುದು. ಅದನ್ನು ಮಾತಿನಲ್ಲಿ ವರ್ಣಿಸಲು ಹತ್ತು ಪುಟಗಳು ಸಾಲವು.

ನಮ್ಮ ನಾಡಿನಲ್ಲಿ ಇಂಥ ಪುಸ್ತಕಕ್ಕೆ ವಸ್ತುವಿಲ್ಲವೇ? ಪ್ರವಾಸಕ್ಕೆಂದು ಮಕ್ಕಳನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗುವ ಶಾಲೆಗಳು ಬಹಳ. ಅವರು ಗೋಲ್ ಗುಂಬಜಿನಲ್ಲಿ ಕೈತಟ್ಟಿ, ಪ್ರತಿಧ್ವನಿಯನ್ನು ಎಣಿಸಿ, ಸಂತೋಷದಿಂದ ಹಿಂದಿರುಗುವರು. ಆದರೆ 1656ರಲ್ಲಿ ಮುಗಿದ ಆ ಕಟ್ಟಡದಲ್ಲಿ ಹೊರಗಿನಿಂದ 44 ಮೀಟರು ವ್ಯಾಸವುಳ್ಳ ದುಂಡು ಗುಮ್ಮಟವು, ನಡುವೆ ಒಂದು ಕಂಬವೂ ಇಲ್ಲದೆ, ನಾಲ್ಕು ಮೂಲೆಯ ಕೋಣೆಯ ಮೇಲೆ ಹೇಗೆ ಕೂತಿತು? ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಚೌಕವನ್ನು ಮೇಲೇರುತ್ತ ದುಂಡಗೆ ತಿರುಗಿಸಿ ಭಾರವನ್ನು ಹೊತ್ತಿವೆ. ಇದನ್ನು ನಾಲ್ಕು ಒಳ್ಳೆಯ ಚಿತ್ರಗಳಿಂದ ಹತ್ತು ವರ್ಷದ ಹುಡುಗಿಗೆ ತಿಳಿಸಬಹುದು. ಅಷ್ಟು ದೂರವೇಕೆ? ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಪ್ರಸಿದ್ಧಿಗೆ ಬಂದ ಹಂಚನ್ನೇ ತೆಗೆದುಕೊಳ್ಳೋಣ. ಹೊಳೆಯ ದಡದ ಜೇಡಿಮಣ್ಣು ಅಚ್ಚಿನಲ್ಲಿ ಒತ್ತಿಸಿಕೊಂಡು, ಒಣಗಿ, ಬೆಂದು, ಅಂಚಿನ ಗಾಡಿಗಳಿಂದ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮುಂಗಾರಿನ ಮಳೆಯನ್ನು ತಡೆಯುವ ಬಗೆಯು ಯಾವ ಕಥೆಗೆ ಕಡಿಮೆ?

ಇನ್ನು, ಕಟ್ಟಡದ ವಿದ್ಯೆಯು ಹೆಂಗಸರಿಗೆ ಏಕೆಂದು ಕೇಳುವವರು ಒಮ್ಮೆ ಬೀದಿಗೆ ಬಂದು ನೋಡಲಿ. ಎಲ್ಲಿ ಮನೆಯು ಏಳುತ್ತಿರುವುದೋ ಅಲ್ಲಿ ಗಾರೆಯ ಬಾಂಡಲಿಯನ್ನು ತಲೆಯ ಮೇಲೆ ಹೊತ್ತು ನಡೆಯುವ ಹೆಂಗಸರನ್ನು ಕಾಣಬಹುದು. ಭಾರವನ್ನು ಹೊರಲು ತಕ್ಕವಳಾದವಳು ಆ ಭಾರವು ಗೋಡೆಯಲ್ಲಿ ಹೇಗೆ ನಿಲ್ಲುವುದೆಂದು ತಿಳಿಯಲು ತಕ್ಕವಳಲ್ಲವೇ? ಓದಿದ ಮನೆತನಗಳ ಸ್ಥಿತಿಯೂ ಬೇರೆಯಲ್ಲ. ಮನೆ ಕಟ್ಟಿಸುವಾಗ ನಕ್ಷೆಯನ್ನು ಹರಡಿಕೊಂಡು ಮಾತಾಡುವವರು ಗಂಡಸರು. ಅಡಿಗೆಮನೆಯ ಕಿಟಕಿ ಎಲ್ಲಿರಬೇಕು, ಬಚ್ಚಲಿನ ಇಳಿಜಾರು ಎತ್ತ ಇರಬೇಕು ಎಂದು ಅಲ್ಲಿ ದಿನವೂ ದುಡಿಯತಕ್ಕವಳನ್ನು ಕೇಳುವವರು ವಿರಳ. ಕೇಳಿದರೂ, ನಕ್ಷೆಯನ್ನು ಓದಲು ಕಲಿಯದವಳು ಏನೆಂದು ಉತ್ತರ ಕೊಟ್ಟಾಳು? ಒಕ್ಕಲಾದ ಮೇಲೆ ಒಗ್ಗರಣೆಯ ಘಾಟನ್ನೂ ನಿಂತ ನೀರನ್ನೂ ವರ್ಷಗಟ್ಟಲೆ ಅನುಭವಿಸುವವಳು ಮಾತ್ರ ಅವಳೇ.

ಹೆಂಗಸರು ಈ ವಿದ್ಯೆಯಲ್ಲಿ ಹಿಂದೆ ಬೀಳುವವರಲ್ಲವೆಂಬುದಕ್ಕೆ ನಿದರ್ಶನಗಳುಂಟು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರರು ಕಾಯಿಲೆಯಿಂದ ಮನೆಯಲ್ಲೇ ಉಳಿದಾಗ, ಅವರ ಪತ್ನಿ ಎಮಿಲಿ ರೋಬ್ಲಿಂಗರು ತಾವೇ ಆ ವಿದ್ಯೆಯನ್ನು ಅಭ್ಯಾಸಮಾಡಿ, ಪತಿಯ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತ, 1883ರಲ್ಲಿ ಸೇತುವೆಯು ತೆರೆಯುವ ತನಕ ಸಹಾಯಕರಾಗಿ ನಿಂತರು. ಈ ವೃತ್ತಾಂತವನ್ನು ರೇಚಲ್ ಡೊಹರ್ಟಿ ಎಂಬವರು 2019ರಲ್ಲಿ ಮಕ್ಕಳ ಚಿತ್ರಪುಸ್ತಕವನ್ನಾಗಿ ಮಾಡಿರುವರು. ನಮ್ಮ ದೇಶದಲ್ಲಿ ಎ. ಲಲಿತಾ ಅವರು ಹದಿನೆಂಟರ ಪ್ರಾಯದಲ್ಲಿ ಪತಿಯನ್ನು ಕಳೆದುಕೊಂಡು, ಕೈಗೂಸನ್ನು ಸಾಕುತ್ತ, ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಓದಿ 1943ರಲ್ಲಿ ಎಂಜಿನಿಯರಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಅವರು ಕಾಶ್ಮೀರದ ಕಡೆಯ ಚಿನಾಬ್ ನದಿಯ ರೈಲ್ವೆ ಸೇತುವೆಗೆ, ಅದನ್ನು ಹೊತ್ತ ಬಂಡೆಯ ಇಳಿಜಾರುಗಳನ್ನು ಭದ್ರಪಡಿಸುವ ವಿಷಯದಲ್ಲಿ, 17 ವರ್ಷ ಸಲಹೆಗಾರರಾಗಿ ದುಡಿದರು. ನದಿಯ ಪಾತ್ರದಿಂದ 359 ಮೀಟರು ಎತ್ತರದಲ್ಲಿರುವ ಆ ಸೇತುವೆಯು 2025ರ ಜೂನ್ ತಿಂಗಳಲ್ಲಿ ತೆರೆಯಿತು.

ಈ ಪುಸ್ತಕಗಳಿಗೆ ಬೆಲೆ ಹೆಚ್ಚು, ಇವುಗಳಿಂದ ಪರೀಕ್ಷೆಯಲ್ಲಿ ಅಂಕಗಳೂ ಬಾರವು ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ರೇಶ್ಮೆಯ ಲಂಗದ ಬೆಲೆಯಲ್ಲಿ ಬರುವ ಪುಸ್ತಕವನ್ನು ಅಕ್ಕನಾದ ಮೇಲೆ ತಂಗಿಯೂ, ತಂಗಿಯಾದ ಮೇಲೆ ನೆರೆಮನೆಯವಳೂ ಓದುವಳು. ಲಂಗವು ಎರಡು ವರ್ಷಕ್ಕೆ ಗಿಡ್ಡವಾಗುವುದು.

ಆದುದರಿಂದ, ಮಾನ್ಯ ತಂದೆತಾಯಿಗಳೇ, ಬರುವ ಹುಟ್ಟುಹಬ್ಬಕ್ಕೆ ಮಗಳ ಕೈಗೆ ಇಂಥದೊಂದು ಪುಸ್ತಕವನ್ನು ಕೊಡಿರಿ. ಕೊಟ್ಟು ಸುಮ್ಮನಾಗದೆ ಅವಳ ಪಕ್ಕದಲ್ಲಿ ಕೂತು ಪುಟಗಳನ್ನು ತಿರುವಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಚಿತ್ರ ಬರೆಯಬಲ್ಲವರೂ, ಎಂಜಿನಿಯರಿಂಗ್ ಕಲಿತವರೂ, ಕನ್ನಡವನ್ನು ಅಂದವಾಗಿ ಬರೆಯುವವರೂ ಇರುವಿರಿ. ನೀವು ಮೂವರು ಒಂದು ಮೇಜಿನ ಸುತ್ತ ಕೂತರೆ ಗುಮ್ಮಟದ ಪುಸ್ತಕವೋ ಹಂಚಿನ ಪುಸ್ತಕವೋ ಕನ್ನಡದಲ್ಲಿ ಆಗಿಯೇ ಆಗುವುದು. ಅದರ ಮೊದಲನೆಯ ಪ್ರತಿಯು ನಮ್ಮ ಶಾಲೆಯ ಪುಸ್ತಕಾಲಯಕ್ಕೆ ಬರಲೆಂದು ನಮ್ಮ ಬಿನ್ನಹ.