ನೆಲ ಹದಮಾಡುವ ಮುನ್ನ

ಕೈಗಾರಿಕಾ ಪ್ರದೇಶಕ್ಕೆ ನೆಲ ಹದಮಾಡುವುದೆಂದರೆ ರಸ್ತೆ, ಚರಂಡಿ, ವಿದ್ಯುತ್ತು, ನೀರು ಎಂದು ನಾವು ಪಟ್ಟಣಿಗರು ತಿಳಿದಿದ್ದೇವೆ. ಅಲ್ಲ, ಮೊದಲ ಕೆಲಸ ಆ ನೆಲವನ್ನು ಬರಿದೆಂದು ಬಗೆಯುವುದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ, 13 ಹಳ್ಳಿಗಳ 1,777 ಎಕರೆಗೆ ವಿಮಾನೋದ್ಯಮದ ಹೆಸರಿನಲ್ಲಿ ಗುರುತು ಬಿದ್ದುದೂ ಹೀಗೆಯೇ. ನಕ್ಷೆಯಲ್ಲಿ ಸರ್ವೆ ನಂಬರು ಕಾಣುತ್ತದೆ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಕಾಣುವುದಿಲ್ಲ. (ನಮ್ಮ ಅಡಿಗೆಮನೆಯ ತರಕಾರಿ ಯಾವ ಹೊಲದ್ದೆಂದು ನಾವಾದರೂ ಎಂದು ವಿಚಾರಿಸಿದ್ದೇವೆ?) 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನಿನ ಬಲದಿಂದ ನೋಟೀಸು ಹೊರಟಿತು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸಾರಿದರು.

ಉದ್ಯಮವೆಲ್ಲ ನೆರೆರಾಜ್ಯಕ್ಕೆ ಓಡಿಹೋಗುವುದೆಂದು ಒಡನೆಯೇ ಗೋಳಿಟ್ಟವರುಂಟು. ಕಾರ್ಖಾನೆ ಬೇಡವೆಂದವರಾರು ಸ್ವಾಮಿ? ಪೀಣ್ಯದ ಲೇತು ತಿರುಗಿದ್ದರಿಂದ ಎಷ್ಟು ಮನೆಗಳಲ್ಲಿ ಒಲೆ ಹೊತ್ತಿದೆಯೆಂಬುದನ್ನು ಬಲ್ಲೆವು. ಕೇಳುವುದಿಷ್ಟೆ: ಹಿಂದೆ ಕಿತ್ತುಕೊಂಡ ಎಕರೆಗಳಲ್ಲಿ ಯಂತ್ರ ತಿರುಗುತ್ತಿರುವುದೆಷ್ಟರಲ್ಲಿ, ಲಂಟಾನ ಬೆಳೆದಿರುವುದೆಷ್ಟರಲ್ಲಿ? ಹೊಸ ನೋಟೀಸಿಗೆ ಮುನ್ನ ಆ ಲೆಕ್ಕವನ್ನು ಹೋಬಳಿವಾರು ಪ್ರಕಟಿಸಲಿ; ರಾಜಧಾನಿಯ ಪತ್ರಿಕೆಗಳಲ್ಲಿ ಮಾತ್ರವಲ್ಲ, ಅದೇ ಹಳ್ಳಿಯ ಅರಳಿಕಟ್ಟೆಯ ಮೇಲೆ ನಿಂತು ಓದಲಿ.